ಮಿಷನ್ನಿನ ಮುಂದಿನ ಪರದೆ

ಅಂಗಡಿಯ ಅಮ್ಮನವರಿಗೆ ನಮಸ್ಕಾರ.

ಮೊಣಕೈಗೇ ಮುಗಿಯುವ ನನ್ನ ಎಡಗೈಯನ್ನು ಗಿರಾಕಿಗಳು ದಿಟ್ಟಿಸುತ್ತಾರೆಂದು ನನ್ನ ಹೊಲಿಗೆ ಮಿಷನ್ನಿನ ಮುಂದೆ ಪರದೆ ಕಟ್ಟಿಸಿದಿರಿ. ನನ್ನ ಒಳ್ಳೆಯದಕ್ಕೇ ಅಂದಿರಿ. ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಆಚೆ ಯಾರು ಪಿಸುಗುಟ್ಟಿದರೂ ನನ್ನ ಬಗ್ಗೆಯೇ ಅನ್ನಿಸಿ ಪೆಡಲಿನ ಮೇಲೆ ಕಾಲು ನಿಂತುಬಿಡುತ್ತದೆ. ಬೆಳಕು ಸಾಲದೆ ಮೊನ್ನೆ ನೀಲಿ ಅಂಗಿಗೆ ಕಪ್ಪು ದಾರ ಹಾಕಿ, ಇಡೀ ಹೊಲಿಗೆ ಬಿಚ್ಚಿದೆ.

ನಿನ್ನೆ ನಿಮ್ಮ ಮೊಮ್ಮಗಳು ಪರದೆ ಸರಿಸಿ ಬಂದು, "ಅಕ್ಕಾ, ಒಂದೇ ಕೈಲಿ ಹೆಂಗೆ ಹೊಲೀತೀರಾ?" ಅಂತ ಕೇಳಿದಳು.

"ನೋಡ್ತಾ ಕೂತ್ಕೋ" ಅಂದೆ. ಸಂಜೆವರೆಗೂ ಕೂತಿದ್ದಳು.

ಅವಳ ಕಣ್ಣೆದುರೇ ಹೊಲಿದ ಫ್ರಾಕನ್ನು ಇದರ ಜೊತೆ ಕಳಿಸಿದ್ದೇನೆ. ಬಟ್ಟೆ ನಿಮ್ಮದೇ. ಕಂಕುಳಲ್ಲಿ ಬಿಗಿಯಾದರೆ ತಿಳಿಸಿ, ಪರದೆಯಲ್ಲಿ ಇನ್ನೂ ಒಂದು ಗಜ ಉಳಿದಿದೆ.

ಇಂತಿ,
ನಿಮ್ಮ ಟೈಲರ್