ಸಾಹೇಬರ ಊಟಕ್ಕೆ ಇಪ್ಪತ್ತೊಂದು ದಿನ

ಮಾರ್ಚ್ 2, ಭಾನುವಾರ. ಬೆಳಿಗ್ಗೆ 7.10

ಹನ್ನೆರಡು ಗಪ್ಪಿ ಮೀನು. ಬಚ್ಚಲುಮನೆಯ ಟಬ್ಬಿಗೆ ಇಳಿಸಿದ್ದಾಯಿತು. ಮುಚ್ಚಳದ ಮೇಲೆ ಚೀಟಿ — ಇವತ್ತಿನ ತಾರೀಖು, 21 ದಿನ. ರಕ್ತಪರೀಕ್ಷೆ ಲ್ಯಾಬಿನಲ್ಲಿ ಎಂಟು ವರ್ಷ ಚೀಟಿ ಅಂಟಿಸಿದ ಕೈ, ತಪ್ಪುವುದಿಲ್ಲ. ಟಬ್ಬಿಗೇ ಬೇರೆ ಬಲೆ, ಬೇರೆ ಮಗ್ಗು. ಅಂಗಡಿ ಮೀನಿಗೆ ರೋಗ ಇದ್ದರೆ ಇಲ್ಲೇ ಹೊರಬೀಳಲಿ. ಸಾಹೇಬರ ಬಾಯಿಗೆ ಆಮೇಲೆ.

ಸಾಹೇಬರೆಂದರೆ ನಡುಮನೆಯ ಗಾಜಿನ ತೊಟ್ಟಿಯಲ್ಲಿರುವ ಭಾವನ ಆಸ್ಕರ್ ಮೀನು. ಅಂಗೈಗಿಂತ ದೊಡ್ಡದು. ಜೀವಂತ ಮೀನು ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ಭಾವ ಹಡಗಿನ ಕೆಲಸಕ್ಕೆ ಹೋಗುವಾಗ ನನಗೆ ಒಪ್ಪಿಸಿ ಹೋದರು. ಅಕ್ಕ ಅದನ್ನು ಕರೆಯುವುದು ‘ಸವತಿ’ ಎಂದು. ತಪ್ಪೇನಿಲ್ಲ. ಭಾನುವಾರದ ಫೋನಿನಲ್ಲಿ ಭಾವನ ಮೊದಲ ಮಾತೇ, "ಎಲ್ಲಿ, ಸಾಹೇಬ್ರನ್ನ ತೋರಿಸು." ಅಕ್ಕನ ಸರದಿ ಆಮೇಲೆ.

ಮಾರ್ಚ್ 6

ಸ್ನಾನ ಒಂಟಿಕಾಲಲ್ಲಿ. ಇನ್ನೊಂದು ಕಾಲಿನ ಜಾಗದಲ್ಲಿ ಟಬ್ಬು. ಅಕ್ಕನ ಗೊಣಗಾಟ: "ಒಂಟಿಕಾಲಲ್ಲಿ ತಪಸ್ಸು ಮಾಡಿದೋರಿಗೆ ವರ ಸಿಗುತ್ತಂತೆ. ನನಗೆ ಸೊಂಟ ಉಳುಕ್ತಾ ಇದೆ ಅಷ್ಟೇ." ಹೊಲಿಗೆ ಮಷಿನ್ ಎದುರಿನ ಕ್ಯಾಲೆಂಡರ್‌ನಲ್ಲಿ ದಿನ ಗೀಚುತ್ತಿದ್ದಾಳೆ, ಜೈಲಿನವರ ಥರ. 23ಕ್ಕೆ ಬಿಡುಗಡೆ.

ಮಾರ್ಚ್ 14

ಅಂಗಡಿಯವ ಇನ್ನೂ ನಾಲ್ಕು ಗಪ್ಪಿ ಕೊಟ್ಟ. ಪುಕ್ಕಟೆ. ಬೇಡ ಅನ್ನಲು ಬಾಯಿ ಬರಲಿಲ್ಲ. ಇನ್ನೊಂದು ಟಬ್ಬಿಡಲು ಜಾಗ ಎಲ್ಲಿದೆ? ಇದ್ದ ಟಬ್ಬಿಗೇ ಸುರಿದೆ. ಅಂದಮೇಲೆ ಹದಿನಾರಕ್ಕೂ ಎಣಿಕೆ ಮತ್ತೆ ಒಂದರಿಂದ. ಚೀಟಿ ಬದಲಿಸಿದೆ.

ಅಕ್ಕನಿಗೆ ಹೇಳಲಿಲ್ಲ. ಹೇಳಿದರೆ ಗಪ್ಪಿಗಳ ಜೊತೆ ನಾನೂ ಬೀದಿಗೆ.

ಮಾರ್ಚ್ 18

ಹೊಸದೊಂದರ ಬಾಲದಲ್ಲಿ ಬಿಳಿ ಚುಕ್ಕೆ. ಲೆನ್ಸ್ ಹಿಡಿದು ನೋಡಿದೆ — ಅನುಮಾನವೇ ಇಲ್ಲ, ಚುಕ್ಕೆ ರೋಗ. ಇದಕ್ಕೇ ಅಲ್ಲವೇ ಟಬ್ಬು ಇಟ್ಟಿದ್ದು! ಉಪ್ಪು ಹಾಕಿದೆ. ಹೋದ ತಿಂಗಳ ಗಪ್ಪಿ ನಿನ್ನೆಗೆ ಖಾಲಿ. ಸಾಹೇಬರಿಗೆ ಉಪವಾಸ. ಆ ಮೈಗೆ ಒಳ್ಳೆಯದೇ.

ಮಾರ್ಚ್ 23, ಭಾನುವಾರ. ಸಂಜೆ 5

ಆಗಬಾರದ್ದು ಆಗಿಹೋಯಿತು.

ಬೆಳಿಗ್ಗೆ ಸ್ನಾನ ಮಾಡುತ್ತಿದ್ದೆ. ಬಾಗಿಲಾಚೆ ಅಕ್ಕ, "ಆಯ್ತಾ?" ನಾನು, "ಆಯ್ತು, ಆಯ್ತು!" ಸ್ನಾನ ಆಯಿತು ಅಂತ. ಅವಳು ಕೇಳಿದ್ದು ಇಪ್ಪತ್ತೊಂದು ದಿನ ಆಯಿತಾ ಅಂತ. ನಾನು ಲ್ಯಾಬಿಗೆ ಹೋಗಿ ಬರುವಷ್ಟರಲ್ಲಿ ಆರು ಗಪ್ಪಿಯನ್ನು ಟಬ್ಬಿನ ನೀರಿನ ಸಮೇತ ಎತ್ತಿ ಸಾಹೇಬರ ತೊಟ್ಟಿಗೆ ಸುರಿದಿದ್ದಾಳೆ. ಸಾಹೇಬರು ಆರರಲ್ಲಿ ಒಂದನ್ನೂ ಉಳಿಸಿಲ್ಲ.

"ಅದು ಹಸಿದು ಮಂಕಾಗಿ ಮೂಲೇಲಿ ನಿಂತಿತ್ತು ಕಣೇ. ಇವತ್ತು ಅವರ ಫೋನ್ ಬರುತ್ತಲ್ಲ. ಚೆನ್ನಾಗಿ ಕಾಣ್ಲಿ ಅಂತ..."

ಬೈಯಲು ಬಾಯಿ ತೆರೆದೆ. ಗುಟ್ಟು ಮಾಡಿದ್ದು ಯಾರು? ನಾಲ್ಕು ಗಪ್ಪಿ, ಬದಲಾದ ಚೀಟಿ, ಚುಕ್ಕೆ — ಎಲ್ಲ ಹೇಳಿದೆ. ಅವಳು ಕುರ್ಚಿ ಹುಡುಕಿ ಕೂತಳು.

ಮಾರ್ಚ್ 28

ಸಾಹೇಬರ ರೆಕ್ಕೆಯಲ್ಲಿ ಮೂರು ಚುಕ್ಕೆ. ಕಲ್ಲಿಗೆ ಮೈ ಉಜ್ಜುತ್ತಿದ್ದಾರೆ. ಹೀಟರ್ ಮೂವತ್ತು ಡಿಗ್ರಿಗೆ. ಉಪ್ಪು. ದಿನ ಬಿಟ್ಟು ದಿನ ನೀರು ಬದಲು — ಒಂದು ಸಲ ನಾನು, ಒಂದು ಸಲ ಅಕ್ಕ. ನನಗೆ ಗೊತ್ತಿರುವ ಕೆಲಸ. ಗುಣ ಮಾಡಿಯೇ ಮಾಡುತ್ತೇನೆ.

"ಅವರಿಗೆ ಏನಂತ ಹೇಳ್ಲಿ?"

"ಈಗಲೇ ಏನೂ ಹೇಳ್ಬೇಡ. ಹಡಗಿಂದ ಹಾರಿ ಈಜ್ಕೊಂಡು ಬಂದುಬಿಡ್ತಾರೆ."

ಅಕ್ಕ ಬಕೆಟ್ ಎತ್ತಿಕೊಂಡು ಬಚ್ಚಲಿಗೆ ನಡೆದಳು.

ಏಪ್ರಿಲ್ 6, ಭಾನುವಾರ

ಮೈತುಂಬ ಚುಕ್ಕೆ. ತಳ ಹಿಡಿದು ಏದುಸಿರು. ಫೋನ್ ಬಂದಾಗ ಅಕ್ಕ ಕ್ಯಾಮೆರಾ ಗೋಡೆಗೆ ತಿರುಗಿಸಿ "ಮಲಗಿದೆ" ಅಂದಳು. ಸಂಜೆ ಆರಕ್ಕೆ ಮಲಗುವ ಮೀನು!

ಫೋನಿಟ್ಟವಳೇ ಅತ್ತಳು. "ಸವತಿ ಸವತಿ ಅಂತ ನನ್ನ ಬಾಯಿಂದಲೇ ಆಯ್ತು ಕಣೇ. ಅದು ಹೋದ್ರೆ, ಬೇಕಂತಲೇ ಮಾಡ್ದೆ ಅನ್ಕೊಳ್ತಾರೆ." ಹಾಗೇನೂ ಇಲ್ಲ ಅಂದೆ. ನನಗೂ ಹೆದರಿಕೆಯಾಗಿದೆ. ಇಲ್ಲಿ ಬಿಟ್ಟು ಬೇರೆಲ್ಲೂ ಹೇಳುವುದಿಲ್ಲ.

ಏಪ್ರಿಲ್ 10

ಎಡಗಡೆ ಎರಡೇ ಚುಕ್ಕೆ. ಬಲಗಡೆ ಸೊನ್ನೆ. ಮೂರು ಸಲ ಎಣಿಸಿದೆ. ಗುಣ ಮಾಡುತ್ತೇನೆ ಅಂದಿದ್ದೆನಲ್ಲ!

ಆದರೆ ಬಾಯಿ ತೆರೆಯುತ್ತಿಲ್ಲ. ಊಟವಿಲ್ಲದೆ ತಲೆ ದೊಡ್ಡದು, ಮೈ ಸಣ್ಣದು. ಇನ್ನು ಗಪ್ಪಿ ಬೇಡ, ಜನ್ಮದಲ್ಲಿ ಬೇಡ. ಅಕ್ಕ ಹೊಲಿಗೆ ಬಿಟ್ಟು ಸೀಗಡಿ ಚೂರು ಹಿಡಿದು ತೊಟ್ಟಿಯ ಮುಂದೆ ಕೂರುತ್ತಾಳೆ. "ತಿನ್ನೋ ಮಾರಾಯ. ನಿನ್ನ ಕಾಲಿಗೆ ಬೀಳ್ತೀನಿ." ಮೀನಿಗೆ ಕಾಲೆಲ್ಲಿ? ಹೇಳುವ ಧೈರ್ಯವಾಗಲಿಲ್ಲ.

ಏಪ್ರಿಲ್ 13, ಭಾನುವಾರ. ಸಂಜೆ 6.40

ಕಚ್ಚಿದರು!

ಸೀಗಡಿ ಬಿಟ್ಟು ಅಕ್ಕನ ಬೆರಳನ್ನೇ. ರಕ್ತ ಬಂತು. ಅವಳು ಕಿರುಚಿದಳು. ನಾನೂ ಕಿರುಚಿದೆ. ಆಮೇಲೆ ಇಬ್ಬರೂ ನಡುಮನೆಯಲ್ಲಿ ಕುಣಿದೆವು. ಎರಡನೇ ಸಲ ಸೀಗಡಿಯೂ ಒಳಗೆ ಹೋಯಿತು. ಮೂರನೆಯದೂ.

ಅಷ್ಟರಲ್ಲಿ ಫೋನ್. ಅಕ್ಕ ಬೆರಳಿಗೆ ಬಟ್ಟೆ ಸುತ್ತಿಕೊಂಡು ತಾನೇ ಎತ್ತಿದಳು. ಅವರು ಕೇಳುವ ಮೊದಲೇ ಒಂದೇ ಉಸಿರಿಗೆ ಎಲ್ಲ ಒಪ್ಪಿಸಿದಳು. ನನ್ನ ತಪ್ಪು ಬಿಟ್ಟು ತನ್ನದನ್ನಷ್ಟೇ. ನಾನು ನಡುವೆ ಬಾಯಿ ಹಾಕಿ ನನ್ನದನ್ನೂ ಸೇರಿಸಿದೆ. ಕೊನೆಗೆ ಅಕ್ಕ ಕ್ಯಾಮೆರಾ ತೊಟ್ಟಿಗೆ ತಿರುಗಿಸಿ, "ನೋಡಿ, ಬದುಕಿದ್ದಾರೆ ನಿಮ್ಮ ಸಾಹೇಬ್ರು."

ಭಾವ ಅಂದರು, "ಅವನು ಹಾಗಿರ್ಲಿ. ಈ ಕಡೆ ತಿರುಗಿಸು. ಬೆರಳಿಗೆ ಏನಾಯ್ತು?"

ಅಕ್ಕ ಫೋನ್ ಹಿಡಿದು ಹೊರಗೆ ಹೋದಳು. ಅರ್ಧ ಗಂಟೆಯಾಯಿತು. ಇವತ್ತು ನೀರು ಬದಲಿಸುವ ಸರದಿ ಅವಳದು. ಕರೆಯೋಣವೆಂದು ಬಾಗಿಲ ತನಕ ಹೋದೆ. ಮೆಟ್ಟಿಲ ಮೇಲೆ ಕೂತು ನಗುತ್ತಿದ್ದಾಳೆ, ಬೆರಳನ್ನು ಫೋನಿಗೆ ತೋರಿಸುತ್ತ. ಇರಲಿ. ಬಕೆಟ್ ನಾನೇ ಎತ್ತಿಕೊಳ್ಳುತ್ತೇನೆ.