ಪದಕ ಕೊಟ್ಟ ಕೈ

ಕೋಬಾರ್, ಆಗಸ್ಟ್ 14, ಬುಧವಾರ

ಆ ಮರ್ವಿನ್ ಮೇಲೆ ನನಗೆ ಹೊಟ್ಟೆಕಿಚ್ಚು. ಹಲ್ಲಿನ ಸೆಟ್ ಹಾಕುವ ಎಪ್ಪತ್ತರ ಮುದುಕ! ಬರೆಯಲೂ ನಾಚಿಕೆ.

ನನ್ನ ಗಂಡ ಡೆಸ್ ಕುಡಿತ ಬಿಟ್ಟು ಇವತ್ತಿಗೆ ಒಂದು ವರ್ಷ. ಕುಡಿತ ಬಿಟ್ಟವರ ಆ ಸಭೆಯನ್ನು ಹುಡುಕಿದವಳು ನಾನು. ಕ್ಲಿನಿಕ್ಕಿನ ಗೋಡೆಯಿಂದ ನಂಬರ್ ಬರೆದುಕೊಂಡು ಫೋನ್ ಮಾಡಿದವಳು, ಚರ್ಚಿನ ಹಿಂದಿನ ಹಾಲ್‌ಗೆ ಕರೆದೊಯ್ದು ಹೊರಗೆ ಚಳಿಯಲ್ಲಿ ಕಾದವಳೂ ನಾನೇ. ಮರ್ವಿನ್ ಅಲ್ಲಿನ ಹಳಬ, ಮೊದಲ ದಿನದಿಂದ ಡೆಸ್‌ಗೆ ಜೊತೆಯಾದವನು, ಅಷ್ಟೆ.

ಕುಡಿಯದೆ ವರ್ಷ ತುಂಬಿಸಿದವರಿಗೆ ಸಭೆಯಲ್ಲಿ ಒಂದು ಪದಕ ಕೊಡುತ್ತಾರೆ; ಅದನ್ನು ತಮಗೆ ಬೇಕಾದವರ ಕೈಯಿಂದ ಪಡೆಯಬಹುದು. ಇವತ್ತು ನೀಲಿ ಗೌನ್‌ಗೆ ಇಸ್ತ್ರಿ ಮಾಡಿ ಹಾಕಿಕೊಂಡು ಮುಂದಿನ ಸಾಲಿನಲ್ಲೇ ಕೂತಿದ್ದೆ. ಡೆಸ್ ಮರ್ವಿನ್‌ನನ್ನು ಕರೆದ.

ಆಮೇಲೆ ಮಾತಾಡಿದ. ತಾಯಿ ಸಾಯುವಾಗ ಆಸ್ಪತ್ರೆಯ ಹೊರಗೆ ಕಾರಿನಲ್ಲಿ ಕುಡಿಯುತ್ತ ಕೂತಿದ್ದನಂತೆ. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ನನಗೆ ಗೊತ್ತೇ ಇರಲಿಲ್ಲ. ಮರ್ವಿನ್ ಮಾತ್ರ ಮೊದಲೇ ಕೇಳಿದವನಂತೆ ತಲೆಯಾಡಿಸಿದ.

ದಾರಿಯಲ್ಲಿ ಕೇಳಿದೆ, "ನಂಗ್ಯಾಕೆ ಹೇಳ್ಲಿಲ್ಲ?"

"ಅಲ್ಲಿ ಹೇಳಿದ್ದು ಅಲ್ಲೇ ಇರ್ಬೇಕು ಕಣೇ ನೊಲೀನ್."

"ಹಾಗಾದ್ರೆ ಹಾಸಿಗೇನೂ ಅಲ್ಲೇ ಹಾಸ್ಕೋ, ನಿನ್ ಮರ್ವಿನ್ ಪಕ್ಕ!"

ನಕ್ಕುಬಿಟ್ಟ. ಮನೆಗೆ ಬಂದು ಮಲಗಿದ.

ಅವನು ಮತ್ತೆ ಕುಡಿಯುವುದು ಬೇಡವೇ ಬೇಡ. ಆದರೆ ಕುಡಿದು ಬಂದ ರಾತ್ರಿ ಅವನ ಬೂಟು ಬಿಚ್ಚುವುದಕ್ಕಾದರೂ ನಾನು ಬೇಕಾಗಿದ್ದೆ. ಇವತ್ತು ತಾನೇ ಬಿಚ್ಚಿ ಬಾಗಿಲ ಬಳಿ ಜೋಡಿಸಿಟ್ಟಿದ್ದಾನೆ. ನಾನು ಸಿಟ್ಟಿನಲ್ಲಿ ಎಸೆದಿದ್ದ ನನ್ನ ಬೂಟುಗಳನ್ನೂ, ಪಕ್ಕದಲ್ಲೇ.