ಪ್ರಿಂಟರ್ ಪರೀಕ್ಷೆಗೆ ಅತ್ತೆ

ರೋನಾ,

ನಿಮ್ಮಮ್ಮನ್ನ ಹುಡುಕಬೇಡ, ನನ್ನ ಜೊತೆ ಇದಾರೆ. ಬರ್ನಿ ಪಟ್ಟಣದಲ್ಲಿ ಸೆಕೆಂಡ್‌ಹ್ಯಾಂಡ್ ಪ್ರಿಂಟರ್ ಒಂದು ಮಾರಾಟಕ್ಕಿದೆ, ದೊಡ್ಡ ಫೋಟೋ ಹಾಕೋವಂಥದ್ದು. ನೋಡ್ಕೊಂಡು ಬರ್ತೀವಿ.

ಕೋಪ ಮಾಡ್ಕೋಬೇಡ. ಹೋದ ಸಲ ತಂದದ್ದು ಕಪ್ಪುಬಿಳುಪು ಫೋಟೋಗೆಲ್ಲ ಹಸಿರು ಬಳೀತು, ನಿಜ. ಎಂಬತ್ತನೇ ಹುಟ್ಟುಹಬ್ಬಕ್ಕೆ ಅಮ್ಮನ ಫೋಟೋ ಚರ್ಚ್ ಹಾಲಲ್ಲಿ ತೂಗುಹಾಕಿದ್ದೇ ತಡ, ಊರಿನವರೆಲ್ಲ ಅವರಿಗೆ ಕಾಯಿಲೆ ಅಂದ್ಕೊಂಡು ಸೂಪ್ ತಂದ್ಕೊಟ್ರು. ಅದಕ್ಕೇ ಈ ಸಲ ಅವರನ್ನೇ ಪಕ್ಕದಲ್ಲಿ ನಿಲ್ಲಿಸ್ಕೊಂಡು, ಅದೇ ಫೋಟೋ ಪ್ರಿಂಟ್ ಹಾಕಿಸಿ, ಫೋಟೋದ ಕೂದಲನ್ನ ಅವರ ಕೂದಲಿಗೆ ಹಿಡಿದು ನೋಡ್ತೀನಿ. ಅಂಥಾ ಬೂದು ಬಣ್ಣ ಬೇರೆ ಎಲ್ಲಿ ಸಿಗತ್ತೆ ಹೇಳು?

"ಈ ಸಲಾನೂ ಹಸಿರು ಬಂದ್ರೆ ನಿನ್ನ ಮೂತಿಗೂ ಅದೇ ಬಳೀತೀನಿ ಕಣೋ" ಅಂತ ವ್ಯಾನಲ್ಲಿ ಕೂತು ಕೂಗ್ತಿದಾರೆ.

ಪ್ರಿಂಟರ್‌ಗೆ ಜಾಗ ಬೇಕು, ಊಟದ ಮೇಜು ವರಾಂಡಕ್ಕೆ ಹಾಕಿಸು. ಪಕ್ಕದ್ಮನೆ ಕೆಲ್ವಿನ್‌ಗೆ ಹೇಳಿರು, ಇಳಿಸೋಕೆ ನಾಲ್ಕು ಜನ ಬೇಕು. ಮಧ್ಯಾಹ್ನಕ್ಕೆ ಸೂಪ್ ಬಿಸಿ ಮಾಡ್ಕೋ, ಇನ್ನೂ ಮೂರು ಡಬ್ಬ ಇದೆ.

ಇನ್ನೊಂದು ವಿಷಯ. ಪ್ರಿಂಟರ್ ಮಲಗಿಸಿದ್ರೆ ಇಂಕ್ ಚೆಲ್ಲತ್ತೆ, ನಿಲ್ಲಿಸಿ ತರಬೇಕು ಅಂದ್ರೆ ವ್ಯಾನಲ್ಲಿ ಡ್ರೈವರ್ ಪಕ್ಕದ ಸೀಟು ಬಿಚ್ಚಬೇಕು. ಹಾಗಾಗಿ ಐದು ಗಂಟೆಗೆ ಬರ್ನಿಯಿಂದ ಬರೋ ಬಸ್ಸಿನ ಹತ್ರ ಹೋಗಿ ನಿಂತಿರು. ಅಮ್ಮ ಇಳಿದ್ರೆ ಪ್ರಿಂಟರ್ ಕೊಂಡೆ ಅಂತ ತಿಳ್ಕೋ.

ಅವರಿಗೆ ಇನ್ನೂ ಹೇಳಿಲ್ಲ.

ಡೆರಿಲ್